ಎಪಿಸೋಡಿನ ಬರಹರೂಪ: ಒಣಗಿದ ತೊಗರಿ ಉಳೀತು, ಮೊಳಕೆ ಒಡೆದದ್ದು ಯಾಕ ಸತ್ತಿತು?

 

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯವರಿಗೆ ಇದು ಗೊತ್ತಿದ್ದ ಸಂಕಟ. ಜೂನ್‌ನಲ್ಲಿ ಒಂದು ಮಳೆ ಬೀಳ್ತದ, ಎಲ್ಲರೂ ಕೂರಿಗೆ ಹೂಡ್ತಾರ. ಆಮೇಲೆ 15 ದಿನ ಮಳೆಯ ಪತ್ತೆ ಇರೋದಿಲ್ಲ. ಎರಡು ವರ್ಷದ ಹಿಂದೆ ನಮ್ಮ ಹೊಲದಾಗೂ ಹಂಗೇ ಆತು. ಕೆದರಿ ನೋಡಿದ್ರ ತೊಗರಿ ಮೊಳಕೆ ಕರ್ರಗಾಗಿ ಸತ್ತಿತ್ತು. ಹಸಿ ತಾಗದ ಕಡೆ ಬಿದ್ದಿದ್ದ ಕಾಳು ಮಾತ್ರ ಗಟ್ಟಿಯಾಗೇ ಇದ್ದವು, ಮುಂದಿನ ಮಳೆಗೆ ಹುಟ್ಟಿದವು. ನಾ ಬಿಕಾಂ ಓದಿದಾಂವ. ಎರಡನೇ ಬಿತ್ತನೆಯ ಖರ್ಚಿನ ಲೆಕ್ಕ ಬರ್ತದ. ಆದ್ರ ಒಂದೇ ಚೀಲದ ಕಾಳಿನಾಗ ಒಂದು ಸತ್ತು ಇನ್ನೊಂದು ಹೆಂಗ ಉಳೀತು ಅನ್ನೋದು ತಿಳೀಲಿಲ್ಲ.

ಚೀಲದಾಗಿನ ಕಾಳಿನಲ್ಲಿ ನೀರು ನೂರಕ್ಕೆ ಸುಮಾರು 10 ಪಾಲು ಮಾತ್ರ. ಅಷ್ಟು ಒಣಗಿದ್ರೆ ಸಾಮಾನ್ಯ ಜೀವಕೋಶದೊಳಗಿನ ಪ್ರೋಟೀನುಗಳು ಒಂದಕ್ಕೊಂದು ಅಂಟಿ ಗಂಟಾಗ್ತಾವ, ಕೋಶದ ಪೊರೆ ಹರೀತದ. ಬೀಜಕ್ಕೆ ಇದು ಮೊದಲೇ ಗೊತ್ತಿದ್ದಂಗ, ಕಾಯಿ ಬಲಿಯೋ ಕಡೇ ಹಂತದಾಗ ಒಂದು ಜಾತಿಯ ಪ್ರೋಟೀನನ್ನು ರಾಶಿಗಟ್ಟಲೆ ತಯಾರಿಸಿ ಇಟ್ಕೊಳ್ತದ. ವಿಜ್ಞಾನಿಗಳು ಇವಕ್ಕೆ ‘ಲೀ’ ಪ್ರೋಟೀನ್ ಅಂತಾರ. 1981ರಲ್ಲಿ ಅಮೆರಿಕದ ಲಿಯಾನ್ ಡ್ಯೂರ್ ಮತ್ತು ಸಂಗಡಿಗರಿಗೆ ಇವುಗಳ ಸುಳಿವು ಸಿಕ್ಕಿದ್ದು ಹತ್ತಿಕಾಳಿನಲ್ಲಿ. ನಮ್ಮ ಎರಿ ಹೊಲದ ಅದೇ ಹತ್ತಿ!

ತತ್ತಿ ಕುದಿಸಿದ್ರ ಬಿಳಿ ಭಾಗ ಗಟ್ಟಿ ಆಗ್ತದ, ಹೌದಿಲ್ಲೋ? ಬಹಳಷ್ಟು ‘ಲೀ’ ಪ್ರೋಟೀನುಗಳನ್ನ ಕುದಿಸಿದ್ರೂ ಹಂಗಾಗೋದಿಲ್ಲ, ನೀರಿನಾಗ ಕರಗಿಯೇ ಇರ್ತಾವ. ಯಾಕಂದ್ರ ಅವಕ್ಕೆ ಕೆಡಲಿಕ್ಕೆ ಗಟ್ಟಿ ಮಡಿಕೆಯೇ ಇಲ್ಲ, ಸಡಿಲ ದಾರದಂಗ ಇರ್ತಾವ. ನೀರನ್ನ ಬಹಳ ಹಚ್ಕೊಂಡಿರ್ತಾವ. ಕೋಶ ಒಣಗುವಾಗ ಬೇರೆ ಪ್ರೋಟೀನುಗಳ ನಡುವೆ ಹೊಕ್ಕು ಅವು ಗಂಟಾಗದಂಗ ತಡೀತಾವ. ಸಕ್ಕರೆಗಳೂ ಜತೆಗೂಡ್ತಾವ.

ಶಿಲೀಂಧ್ರಗಳಲ್ಲೂ ಇಂಥವು ಅದಾವ. ಬೇಕರಿಯ ಯೀಸ್ಟ್ ಪುಡಿ ತಿಂಗಳುಗಟ್ಟಲೆ ಒಣಗಿದ್ದು, ಬೆಚ್ಚಗಿನ ನೀರು ಬಿದ್ದ ಕೂಡಲೇ ಏಳ್ತದಲ್ಲ, ಅದರ ಹಿಂದೆ ಟ್ರೆಹಲೋಸ್ ಅನ್ನೋ ಸಕ್ಕರೆಯೂ, ಇದೇ ಗುಣದ ಪ್ರೋಟೀನುಗಳೂ ಅದಾವ. 2000ದಲ್ಲಿ ಮೆಕ್ಸಿಕೋದ ಸಂಶೋಧಕರು ಇಂಥವನ್ನೆಲ್ಲ ಸೇರಿಸಿ ‘ಹೈಡ್ರೋಫಿಲಿನ್’ ಅಂತ ಹೆಸರಿಟ್ರು.

ಇನ್ನ ನಮ್ಮ ಹೊಲಕ್ಕೆ ಬರ್ರಿ. ಕಾಳು ನೀರು ಕುಡಿದು ಬೇರಿನ ತುದಿ ಹೊರಗ ಹಾಕಿದ ಮ್ಯಾಲೆ, ಈ ಪ್ರೋಟೀನುಗಳನ್ನ ಒಡೆದು ಬೆಳವಣಿಗೆಗೆ ಬಳಸ್ಕೊಳ್ತದ. ಕವಚ ಮಾರಿ ಬಂಡವಾಳ ಹಾಕಿದಂಗ. ಅಲ್ಲಿಂದ ಮತ್ತ ಪೂರ್ತಿ ಒಣಗಿದ್ರ ಉಳಿಯೋದು ಕಷ್ಟ. ನಮ್ಮ ಮೊಳಕೆಗೆ ಆಗಿದ್ದು ಇದೇ.

ಹಿಂಗಾರಿ ಜೋಳ ಬಿತ್ತೋರು ಬೀಜವನ್ನ ಕೆಲವು ತಾಸು ನೆನೆಸಿ, ನೆರಳಾಗ ಒಣಗಿಸಿ ಬಿತ್ತೋದು ನೋಡೀರಬಹುದು. ಬೇರು ಹೊರಬರೋಕಿಂತ ಮೊದಲೇ ಒಣಗಿಸೋದ್ರಿಂದ ಆ ಕವಚ ಇನ್ನೂ ಇರ್ತದ. ತಾಸಿನ ಲೆಕ್ಕ ತಪ್ಪಿದ್ರ ಬೀಜವೇ ಹೋಗ್ತದ, ಬೆಳೆಗೆ ಎಷ್ಟು ತಾಸು ಅನ್ನೋದನ್ನ ರೈತ ಸಂಪರ್ಕ ಕೇಂದ್ರದಾಗ ಕೇಳಿಕೊಂಡೇ ಮಾಡ್ರಿ.