ಮನೆಯಂಗಳಕ್ಕೆ ಬರುವ ಮೊದಲ ಭಾರ

ಮೂಡುಬಿದಿರೆ ಮತ್ತು ಉಜಿರೆಯ ವಿದ್ಯಾರ್ಥಿನಿಲಯಗಳಿಂದ ರಜೆಗೆಂದು ಊರಿಗೆ ಬರುವ ಹದಿಹರೆಯದ ಮಕ್ಕಳು ಹೆತ್ತವರ ಮುಂದಿಡುವ ಬೇಡಿಕೆಗಳಲ್ಲಿ ಭಾರ ಎತ್ತುವ ಸಲಕರಣೆಯೂ ಈಗ ಸೇರಿಕೊಂಡಿದೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಮನೆಗಳಲ್ಲಿ ಇದು ಸಹಜವೇ ಆಗಿದೆ; ಸುತ್ತಲಿನ ಕಾಲೇಜು ಮೈದಾನಗಳಲ್ಲಿ ರಾಷ್ಟ್ರಮಟ್ಟದ ಕ್ರೀಡಾಪಟುಗಳು ಅಭ್ಯಾಸ ಮಾಡುವುದನ್ನು ಮಕ್ಕಳು ನಿತ್ಯವೂ ನೋಡುತ್ತಾರೆ. ಉತ್ತರ ಕರ್ನಾಟಕದಿಂದ ಬಂದು ಇಲ್ಲಿ ಓದುತ್ತಿರುವ ನಮ್ಮ ಅನೇಕ ಓದುಗರ ಮಕ್ಕಳಿಗೂ ಈ ಗಾಳಿ ತಾಗಿದೆ. ಬೇಡಿಕೆ ಒಳ್ಳೆಯದೇ. ಆದರೆ ಅದನ್ನು ಈಡೇರಿಸುವ ಅವಸರದಲ್ಲಿ ಕೊಂಡುತಂದ ವಸ್ತು ಮಗುವಿನ ಬೆನ್ನಿಗೆ ಒಗ್ಗದಿದ್ದರೆ ಹಣ ಹೋಗುವುದು ಸಣ್ಣ ನಷ್ಟ, ಬೆನ್ನು ಕೆಡುವುದು ದೊಡ್ಡ ನಷ್ಟ.

ಈ ನಾಡಿನಲ್ಲಿ ಭಾರ ಎತ್ತುವಿಕೆಯ ಮಾತು ಬಂದಾಗಲೆಲ್ಲ ಮೊದಲು ನೆನಪಾಗುವ ಹೆಸರು ಗುರುರಾಜ ಪೂಜಾರಿಯವರದು. ಕುಂದಾಪುರ ಸಮೀಪದ ವಂಡ್ಸೆಯ ಟ್ರಕ್ ಚಾಲಕರೊಬ್ಬರ ಮಗನಾದ ಇವರು 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದ 56 ಕೆ.ಜಿ. ವಿಭಾಗದಲ್ಲಿ ಒಟ್ಟು 249 ಕೆ.ಜಿ. ಎತ್ತಿ ಬೆಳ್ಳಿ ಪದಕ ಗೆದ್ದರು. ಆ ಕೂಟದಲ್ಲಿ ಭಾರತಕ್ಕೆ ದೊರೆತ ಮೊದಲ ಪದಕವದು. 2022ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ 61 ಕೆ.ಜಿ. ವಿಭಾಗದಲ್ಲಿ 269 ಕೆ.ಜಿ. ಎತ್ತಿ ಕಂಚು ಪಡೆದರು. ಹೆತ್ತವರು ಗಮನಿಸಬೇಕಾದ ಸಂಗತಿ ಬೇರೆಯೇ ಇದೆ. ಮೊದಲು ಕುಸ್ತಿಯತ್ತ ಒಲವಿದ್ದ ಅವರು ಭಾರ ಎತ್ತುವಿಕೆಗೆ ತಿರುಗಿದ್ದು ಬೆಳ್ತಂಗಡಿ ತಾಲ್ಲೂಕಿನ ಉಜಿರೆಯ ಎಸ್‌ಡಿಎಂ ಕಾಲೇಜಿಗೆ ಪದವಿ ಓದಲು ಬಂದ ಬಳಿಕ, ತರಬೇತುದಾರರ ಕಣ್ಣೆದುರಿನಲ್ಲಿ. ಹದಿಮೂರರ ಬಾಲಕ ಇಂದೇ ನೂರು ಕೆ.ಜಿ.ಯ ಸೆಟ್ ಬೇಕೆಂದು ಹಟ ಹಿಡಿದರೆ ಈ ಉದಾಹರಣೆಯನ್ನು ಅವನ ಮುಂದಿಡಬಹುದು. ತಡವಾಗಿ ಆರಂಭಿಸಿದರೆ ಏನೂ ಕೈತಪ್ಪಿ ಹೋಗುವುದಿಲ್ಲ.

ಭಾರ ಎತ್ತಿದರೆ ಮಕ್ಕಳು ಕುಳ್ಳಗಾಗುತ್ತಾರೆ ಎಂಬ ಭಯ ಹಳೆಯದು. ಸರಿಯಾದ ಮೇಲ್ವಿಚಾರಣೆಯಲ್ಲಿ ನಡೆಯುವ ಮಿತವಾದ ಅಭ್ಯಾಸದಿಂದ ಬೆಳವಣಿಗೆ ಕುಂಠಿತವಾಗುವುದಿಲ್ಲವೆಂದು ಇಂದಿನ ವೈದ್ಯಲೋಕ ಒಪ್ಪಿಕೊಂಡಿದೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2020ರಲ್ಲಿ ಪ್ರಕಟಿಸಿದ ನಿಲುವು ಕೂಡ ಇಂತಹ ಅಭ್ಯಾಸದ ಪರವಾಗಿಯೇ ಇದೆ. ಕಡಿಮೆ ತೂಕದ ವಿಭಾಗಗಳ ಸ್ಪರ್ಧಿಗಳು ಗಿಡ್ಡಗಿರುವುದು ಆ ಮೈಕಟ್ಟು ಆ ವಿಭಾಗಕ್ಕೆ ಅನುಕೂಲವಾದುದರಿಂದ. ಎತ್ತರದವರು ಬ್ಯಾಸ್ಕೆಟ್‌ಬಾಲ್‌ಗೆ ಹೋಗುತ್ತಾರೆಯೇ ಹೊರತು ಬ್ಯಾಸ್ಕೆಟ್‌ಬಾಲ್ ಆಡಿ ಎತ್ತರವಾಗುವುದಿಲ್ಲವಷ್ಟೆ.

ನಿಜವಾದ ಅಪಾಯ ಇರುವುದು ಬೇರೆಡೆ. ಅಮೆರಿಕದ ತುರ್ತು ಚಿಕಿತ್ಸಾ ಘಟಕಗಳ ದಾಖಲೆಗಳನ್ನು ಆಧರಿಸಿ 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, 8ರಿಂದ 13 ವರ್ಷದ ಮಕ್ಕಳಲ್ಲಿ ಇಂತಹ ಸಲಕರಣೆಗಳಿಂದಾದ ಗಾಯಗಳ ಮೂರನೆಯ ಎರಡು ಭಾಗ ಕೈ ಮತ್ತು ಪಾದಗಳಿಗೆ ಆದವು. ಅವುಗಳಲ್ಲಿ ಹೆಚ್ಚಿನವು ಭಾರ ಜಾರಿ ಬಿದ್ದು ಅಥವಾ ಬೆರಳು ಸಿಕ್ಕಿಕೊಂಡು ಆದಂಥವು. ಆದುದರಿಂದ ಸಲಕರಣೆಯ ಆಯ್ಕೆಯಲ್ಲಿ ತೂಕಕ್ಕಿಂತ ಮೊದಲು ನೋಡಬೇಕಾದುದು ಹಿಡಿತ, ಲಾಕ್ ಮತ್ತು ನೆಲ.

ಅಂಗಡಿಗಳಲ್ಲಿ ಸುಲಭವಾಗಿ ದೊರೆಯುವುದು ‘ಹೋಮ್ ಜಿಮ್ ಸೆಟ್’. ಪ್ಲಾಸ್ಟಿಕ್ ಹೊದಿಕೆಯೊಳಗೆ ಸಿಮೆಂಟಿನಂತಹ ಮಿಶ್ರಣ ತುಂಬಿದ ಪ್ಲೇಟುಗಳು, ಒಂದು ನೇರ ರಾಡ್, ಎರಡು ಡಂಬೆಲ್ ರಾಡ್, ಜೊತೆಗೆ ಕೈಗವಸು ಮತ್ತು ಸ್ಕಿಪ್ಪಿಂಗ್ ಹಗ್ಗ. ಆರಂಭಕ್ಕೆ ಇದು ತೀರ ಕೆಟ್ಟದ್ದೇನೂ ಅಲ್ಲ. ಆದರೆ ಇದರ ಮಿತಿಯನ್ನು ಅರಿತಿರಬೇಕು. ಸ್ಪರ್ಧೆಯ ರಾಡಿನ ಎರಡು ತುದಿಗಳಲ್ಲಿ ಪ್ಲೇಟು ಕೂರುವ ಭಾಗ ತಿರುಗುತ್ತದೆ. ಭಾರವನ್ನು ಥಟ್ಟನೆ ಮೇಲಕ್ಕೊಯ್ಯುವಾಗ ಮಣಿಕಟ್ಟು ತಿರುಚಿಕೊಳ್ಳದಂತೆ ಕಾಪಾಡುವುದು ಈ ತಿರುಗುವಿಕೆಯೇ. ಮನೆಯ ಸೆಟ್ಟಿನ ರಾಡ್ ಒಂದೇ ತುಂಡು, ತಿರುಗುವುದಿಲ್ಲ. ಆದ್ದರಿಂದ ಸ್ನ್ಯಾಚ್, ಕ್ಲೀನ್ ಅಂಡ್ ಜರ್ಕ್ ಎಂಬ ಸ್ಪರ್ಧಾ ವಿಧಾನಗಳನ್ನು ಆ ರಾಡಿನಲ್ಲಿ ಕಲಿಯುವುದು ಬೇಡ. ಅವು ತರಬೇತುದಾರರ ಮುಂದೆಯೇ ನಡೆಯಲಿ. ಮನೆಯಲ್ಲಿ ಬೈಠಕ್, ನೆಲದಿಂದ ಸೊಂಟದವರೆಗೆ ಎತ್ತುವುದು, ತಲೆಯ ಮೇಲಕ್ಕೆ ನಿಧಾನವಾಗಿ ಒತ್ತುವುದು, ಇಷ್ಟು ಸಾಕು.

ಪುರುಷರ ಸ್ಪರ್ಧೆಯ ರಾಡ್ 20 ಕೆ.ಜಿ. ತೂಗುತ್ತದೆ, ಅದರ ಹಿಡಿತದ ದಪ್ಪ 28 ಮಿ.ಮೀ. ಮಹಿಳೆಯರದು 15 ಕೆ.ಜಿ., ದಪ್ಪ 25 ಮಿ.ಮೀ. ನಲವತ್ತು ಕೆ.ಜಿ. ತೂಗುವ ಬಾಲಕನಿಗೆ ಬರಿಯ ರಾಡೇ ಅವನ ಅರ್ಧ ತೂಕದಷ್ಟಾಯಿತು! ಹಾಗಾಗಿ 5ರಿಂದ 10 ಕೆ.ಜಿ.ಯ ತರಬೇತಿ ರಾಡಿನಿಂದ ಆರಂಭಿಸುವುದು ಲೇಸು. ಮುಂದೆ ನಿಜವಾದ ರಾಡ್ ಕೊಳ್ಳುವಾಗಲೂ ಗಂಡುಮಗುವಾಗಲಿ ಹೆಣ್ಣುಮಗುವಾಗಲಿ, ಎಳೆಯ ಅಂಗೈಗೆ 25 ಮಿ.ಮೀ.ಯದೇ ಹೆಚ್ಚು ಒಗ್ಗುತ್ತದೆ. ಹೆಣ್ಣುಮಕ್ಕಳಿಗೇಕೆ ಈ ಉಸಾಬರಿ ಎನ್ನುವವರಿಗೆ, ಟೋಕಿಯೊ ಒಲಿಂಪಿಕ್ಸ್‌ನ 49 ಕೆ.ಜಿ. ವಿಭಾಗದಲ್ಲಿ 202 ಕೆ.ಜಿ. ಎತ್ತಿ ಬೆಳ್ಳಿ ತಂದ ಮೀರಾಬಾಯಿ ಚಾನು ಅವರ ಹೆಸರೊಂದೇ ಸಾಕಾದ ಉತ್ತರ. ರಾಡಿಗೂ ಮೊದಲಿನ ಹೆಜ್ಜೆ ಇನ್ನೂ ಅಗ್ಗ: ನುಣುಪಾದ ಬಿದಿರು ಕೋಲು ಅಥವಾ ನೀರಿನ ಪಿವಿಸಿ ಪೈಪು. ಅಡಿಕೆ ಮರದ ದಬ್ಬೆ ಬೇಡ, ಸಿಬಿರು ಚುಚ್ಚುತ್ತದೆ.

ಬಹುತೇಕ ಮನೆಗಳಲ್ಲಿ ಯಾರ ಗಮನಕ್ಕೂ ಬಾರದ ಒಂದು ವಿಷಯವಿದೆ, ರಾಡ್ ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂಬುದು. ಸ್ಪರ್ಧೆಯ ದೊಡ್ಡ ಪ್ಲೇಟಿನ ವ್ಯಾಸ 45 ಸೆಂ.ಮೀ.; ಆದ್ದರಿಂದ ರಾಡ್ ನೆಲದಿಂದ ಸುಮಾರು 22 ಸೆಂ.ಮೀ. ಮೇಲಿರುತ್ತದೆ. ಎಲ್ಲ ಎತ್ತುವ ಪಾಠಗಳೂ ಈ ಎತ್ತರವನ್ನು ಇಟ್ಟುಕೊಂಡೇ ರೂಪುಗೊಂಡಿವೆ. ಮನೆಯ ಸೆಟ್ಟಿನ ಪುಟ್ಟ ಪ್ಲೇಟಿನ ವ್ಯಾಸ 20 ಸೆಂ.ಮೀ. ಎಂದಿಟ್ಟುಕೊಂಡರೆ ರಾಡ್ ಬರಿಯ 10 ಸೆಂ.ಮೀ. ಎತ್ತರದಲ್ಲಿ ಬಿದ್ದಿರುತ್ತದೆ. ಅದನ್ನು ಹಿಡಿಯಲು ಮಗು ಬೆನ್ನನ್ನು ಬಿಲ್ಲಿನಂತೆ ಬಾಗಿಸಲೇಬೇಕು. ಭಾರ ಹಗುರವಾದಷ್ಟೂ ಪ್ಲೇಟು ಚಿಕ್ಕದಾಗಿ, ಬಾಗುವುದು ಹೆಚ್ಚಾಗುವುದು ವಿಪರ್ಯಾಸವೇ ಸರಿ. ಪರಿಹಾರ ಸರಳ: ಎರಡೂ ಬದಿಯ ಪ್ಲೇಟುಗಳ ಕೆಳಗೆ ಗಟ್ಟಿಯಾದ ಮರದ ಹಲಗೆಗಳನ್ನು ಒಂದರ ಮೇಲೊಂದು ಜೋಡಿಸಿ ಹನ್ನೆರಡು ಸೆಂ.ಮೀ. ಏರಿಸಿದರಾಯಿತು. ಹಲಗೆ ಅಲುಗಾಡಬಾರದು. ದೊಡ್ಡ ವ್ಯಾಸದ ಹಗುರ ತರಬೇತಿ ಪ್ಲೇಟುಗಳೂ ದೊರೆಯುತ್ತವೆ, ಬೆಲೆ ಮಾತ್ರ ಹೆಚ್ಚು.

ಇನ್ನು ತೂಕದ ಏರಿಕೆ. ಎಂಟರಿಂದ ಹನ್ನೆರಡು ಬಾರಿ ತಪ್ಪಿಲ್ಲದೆ ಎತ್ತಲು ಬಂದ ಮೇಲಷ್ಟೇ, ಅದೂ ನೂರಕ್ಕೆ ಹತ್ತರಷ್ಟು ಮಾತ್ರ ಹೆಚ್ಚಿಸುವುದು ಸುರಕ್ಷಿತ ಮಾರ್ಗ. ಹತ್ತು ಕೆ.ಜಿ. ಎತ್ತುವವನಿಗೆ ಅದು ಒಂದೇ ಕೆ.ಜಿ. ಆದರೆ ಬದಿಗೊಂದರಂತೆ ಎರಡೂವರೆ ಕೆ.ಜಿ. ಪ್ಲೇಟು ಸೇರಿಸಿದರೆ ಒಮ್ಮೆಲೇ ಐದು ಕೆ.ಜಿ. ಹೆಚ್ಚುತ್ತದೆ. ಅರ್ಧ ಕೆ.ಜಿ.ಯ ಎರಡು ಮತ್ತು ಒಂದು ಕೆ.ಜಿ.ಯ ಎರಡು ಪ್ಲೇಟುಗಳನ್ನು ಬೇರೆಯಾಗಿಯೇ ಕೇಳಿ ಕೊಳ್ಳಬೇಕು. ಮಕ್ಕಳಿಗೆ ಇವು ಆಟಿಕೆಯಂತೆ ಕಂಡು ನಗು ಬರಬಹುದು, ಹೆಚ್ಚು ಉಪಯೋಗಕ್ಕೆ ಬರುವುವು ಇವೇ. “ಅಡಿಕೆ ಮೂಟೆ ಹೊರುವ ಹುಡುಗನಿಗೆ ಒಂದು ಕೆ.ಜಿ. ಯಾವ ಲೆಕ್ಕ?” ಎಂದು ಅಜ್ಜಂದಿರು ಕೇಳುವುದುಂಟು. ಮೂಟೆ ಬೆನ್ನ ಮೇಲೆ ಕುಳಿತಿರುತ್ತದೆ, ಹೊತ್ತವನು ನಡೆಯುತ್ತಾನೆ. ರಾಡನ್ನು ನೆಲದಿಂದ ಮೇಲಕ್ಕೆ ಹತ್ತಾರು ಬಾರಿ ಎತ್ತಿಳಿಸುವಾಗ ಬೆನ್ನು, ಭುಜ, ಮಣಿಕಟ್ಟುಗಳ ಮೇಲೆ ಬೀಳುವ ಒತ್ತಡವೇ ಬೇರೆ. ವಾರಕ್ಕೆ ಎರಡು ದಿನ, ಹೆಚ್ಚೆಂದರೆ ಬಿಟ್ಟು ಬಿಟ್ಟು ಮೂರು ದಿನ ಸಾಕು.

ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವುದನ್ನು ಕಂಡವರಿಗೆ ಗರಡಿಮನೆಯ ಕ್ರಮ ತಿಳಿದೇ ಇದೆ. ಅಲ್ಲಿ ಹದ ಮಾಡಿದ ಮೆತ್ತನೆಯ ಕೆಮ್ಮಣ್ಣಿನ ನೆಲವಿತ್ತು, ಮೇಲೆ ಉಸ್ತಾದರ ಕಣ್ಣಿತ್ತು. ಮನೆಯ ಟೈಲ್ಸ್ ನೆಲಕ್ಕೆ ಇವೆರಡೂ ಇಲ್ಲ. ನೆಲದ ಕೊರತೆಗೆ ಈ ಭಾಗದ ಹೈನುಗಾರರ ಕೊಟ್ಟಿಗೆಯಲ್ಲಿಯೇ ಉತ್ತರವಿದೆ: ಹಸುಗಳಿಗೆ ಹಾಸುವ ದಪ್ಪ ರಬ್ಬರ್ ಮ್ಯಾಟ್. ಜಿಮ್ ಮ್ಯಾಟ್ ಎಂಬ ಹೆಸರಿನ ದುಬಾರಿ ಹಾಸಿನ ಕೆಲಸವನ್ನು ಹೊಸದಾಗಿ ತಂದ ಒಂದು ಕೊಟ್ಟಿಗೆ ಮ್ಯಾಟ್ ಚೆನ್ನಾಗಿಯೇ ಮಾಡುತ್ತದೆ. ಕಣ್ಣಿನ ಕೊರತೆಯನ್ನು ಹಿರಿಯರೊಬ್ಬರು ಎದುರಿಗಿದ್ದು ತುಂಬಬೇಕು. ಮಗ ಅಥವಾ ಮಗಳು ಒಬ್ಬರೇ ಇರುವಾಗ ಅಭ್ಯಾಸ ಬೇಡವೆಂಬ ನಿಯಮವನ್ನು ಮೊದಲ ದಿನವೇ ಮಾಡಬೇಕು. ಮಲಗಿ ಎದೆಯ ಮೇಲಿಂದ ಒತ್ತುವ ಬೆಂಚನ್ನು ಮೊದಲ ವರ್ಷ ಕೊಳ್ಳದಿರುವುದೇ ಉತ್ತಮ. ತೋಳು ಸೋತು ರಾಡ್ ಎದೆಯ ಮೇಲೋ ಕತ್ತಿನ ಮೇಲೋ ಕುಳಿತರೆ ಒಬ್ಬಂಟಿ ಮಗು ಏನು ಮಾಡೀತು?

ಉಳಿದವು ಸಣ್ಣ ಮಾತುಗಳು. ಪ್ರತಿ ಸಲವೂ ಲಾಕ್ ಬಿಗಿ ಮಾಡಬೇಕು. ತಲೆಯ ಮೇಲಕ್ಕೆ ಎತ್ತುವ ಜಾಗದಲ್ಲಿ ಫ್ಯಾನ್ ಅಥವಾ ಅಟ್ಟದ ತೊಲೆ ಇರಬಾರದು. ಚಪ್ಪಲಿಯಲ್ಲಿ ಎತ್ತಬಾರದು, ಗಟ್ಟಿ ಚಪ್ಪಟೆ ತಳದ ಶೂ ಬೇಕು. ಸೊಂಟದ ಬೆಲ್ಟಿಗೂ ಪ್ರೋಟೀನ್ ಡಬ್ಬಿಗೂ ಈಗ ಹಣ ಸುರಿಯಬೇಕಿಲ್ಲ. ಹುರುಳಿ, ಹೆಸರುಕಾಳು, ಶೇಂಗಾ, ಹಾಲು-ಮೊಸರು ನಮ್ಮ ಅಡುಗೆಮನೆಯಲ್ಲೇ ಇವೆ. ಪುಟ್ಟ ತಮ್ಮ-ತಂಗಿಯರಿರುವ ಮನೆಯಲ್ಲಿ ಡಂಬೆಲ್ ಮಂಚದ ಮೇಲೋ ಕಿಟಕಿಯ ಕಟ್ಟೆಯ ಮೇಲೋ ಇರಕೂಡದು. ಬೆನ್ನು ಅಥವಾ ಮಣಿಕಟ್ಟಿನ ನೋವು ಕೆಲವು ದಿನಗಳ ವಿಶ್ರಾಂತಿಯ ನಂತರವೂ ಉಳಿದರೆ ಎಣ್ಣೆ ತಿಕ್ಕಿ ಕೂರದೆ ವೈದ್ಯರಿಗೆ ತೋರಿಸಬೇಕು.

ಕರಾವಳಿಯ ಮಳೆಗಾಲದಲ್ಲಿ ಕಬ್ಬಿಣ ತುಕ್ಕು ಹಿಡಿಯುತ್ತದೆಂದು ಸಿಮೆಂಟ್ ಪ್ಲೇಟುಗಳನ್ನೇ ಮೆಚ್ಚುವವರಿದ್ದಾರೆ. ಆದರೆ ಅವು ಬಿದ್ದರೆ ಬಿರಿಯುತ್ತವೆ. ಕಬ್ಬಿಣದ್ದಾದರೆ ಒಣಬಟ್ಟೆಯಿಂದ ಒರೆಸಿ ನಾಲ್ಕು ಹನಿ ಮೆಷಿನ್ ಎಣ್ಣೆ ಸವರಿದರೆ ಮಕ್ಕಳ ಮಕ್ಕಳಿಗೂ ಉಳಿಯುತ್ತದೆ. ಹಳೆಯದನ್ನು ಕೊಂಡರೂ ನಷ್ಟವಿಲ್ಲ. ಅಚ್ಚಾಗಿರುವ ತೂಕವನ್ನು ನಂಬದೆ ದಿನಸಿ ಅಂಗಡಿಯ ಅಥವಾ ಅಡಿಕೆ ವ್ಯಾಪಾರಿಯ ತಕ್ಕಡಿಯಲ್ಲಿ ಪ್ರತಿ ಪ್ಲೇಟನ್ನೂ ತೂಗಿಸಿ, ನಿಜ ತೂಕವನ್ನು ಬಣ್ಣದಲ್ಲಿ ಬರೆದಿಡಬೇಕು, ಏಕೆಂದರೆ ಎರಡು ಬದಿ ಸಮವಿಲ್ಲದಿದ್ದರೆ ಬೆನ್ನು ಒಂದು ಕಡೆಗೆ ವಾಲುತ್ತದೆ. ಹಳೆಯ ರಾಡನ್ನು ಮಾತ್ರ ಕೊಳ್ಳುವ ಮುನ್ನ ಅಂಗಡಿಯ ಸಮತಟ್ಟಾದ ನೆಲದ ಮೇಲೆ ಉರುಳಿಸಿ ನೋಡಬೇಕು. ನಡುವೆ ಕುಪ್ಪಳಿಸಿದರೆ ಅದು ಬಾಗಿದೆ. ಎಷ್ಟೇ ಅಗ್ಗವಾದರೂ ಅಲ್ಲಿಯೇ ಬಿಟ್ಟು ಬರಬೇಕು.