ಒಂದೇ ಪರ್ವತಸಾಲು, ಎರಡು ರೈಲುದಾರಿ

ಕ್ಯಾಲಿಫೋರ್ನಿಯಾದ ಕನ್ನಡಿಗರಿಗೆ ಲೇಕ್ ಟಾಹೋ ಹೊಸದೇನಲ್ಲ. ಸ್ಯಾಕ್ರಮೆಂಟೊ ದಾಟಿ ಇಂಟರ್‌ಸ್ಟೇಟ್ 80ರಲ್ಲಿ ಬೆಟ್ಟ ಹತ್ತುವಾಗ ಅಲ್ಲಲ್ಲಿ ರೈಲು ಹಳಿಗಳು ಕಾಣಿಸುತ್ತವೆ. ಓಕ್ಲೆಂಡ್ ಬಂದರಿನ ಸರಕು ಸಿಯೆರಾ ನೆವಾಡಾ ಪರ್ವತಸಾಲನ್ನು ದಾಟುವ ದಾರಿಗಳಲ್ಲಿ ಅದೊಂದು. ಉತ್ತರದಲ್ಲಿ ಇನ್ನೊಂದಿದೆ. ಒಂದು ಗೂಡ್ಸ್ ರೈಲು ಈ ಎರಡರಲ್ಲಿ ಯಾವುದನ್ನು ಹಿಡಿಯಬೇಕೆಂಬುದು ಹೇಗೆ ತೀರ್ಮಾನವಾಗುತ್ತದೆ ಎಂಬುದನ್ನು ಇಲ್ಲಿ ವಿವರಿಸಲು ಯತ್ನಿಸಿದ್ದೇನೆ.

ಮೊದಲನೆಯದು ಡಾನರ್ ಪಾಸ್. 1860ರ ದಶಕದಲ್ಲಿ ಸೆಂಟ್ರಲ್ ಪೆಸಿಫಿಕ್ ಕಂಪನಿಗಾಗಿ ಸಾವಿರಾರು ಚೀನೀ ಕಾರ್ಮಿಕರು ಬಂಡೆ ಕಡಿದು ಮಾಡಿದ ದಾರಿ ಇದು. ಮುಂದೆ ಸದರ್ನ್ ಪೆಸಿಫಿಕ್ ಕೈಸೇರಿತು. ಎತ್ತರ ಸುಮಾರು 7,000 ಅಡಿ. ಎರಡನೆಯದು ಫೆದರ್ ನದಿಯ ಕಣಿವೆಯ ದಾರಿ. ಪ್ರತಿಸ್ಪರ್ಧಿಯಾದ ವೆಸ್ಟರ್ನ್ ಪೆಸಿಫಿಕ್ ಕಂಪನಿ ಇದನ್ನು 1909ರಲ್ಲಿ ಪೂರೈಸಿತು. ಎತ್ತರ ಸುಮಾರು 5,000 ಅಡಿ. ಸ್ಯಾಕ್ರಮೆಂಟೊ ಬಳಿ ಬೇರೆಯಾಗುವ ಇವೆರಡೂ ನೆವಾಡಾದ ವಿನ್ನೆಮುಕ್ಕಾ ಹತ್ತಿರ ಮತ್ತೆ ಕೂಡುತ್ತವೆ. ಡಾನರ್ ದಾರಿಯೇ ಹತ್ತಿರದ್ದು.

ಹತ್ತಿರದ ದಾರಿ ಇರುವಾಗ ಸುತ್ತುದಾರಿ ಯಾಕೆ? ಉತ್ತರ ಏರಿನಲ್ಲಿದೆ. ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯಲ್ಲಿ ಹಳಿ 50 ಮೀಟರಿಗೆ ಒಂದು ಮೀಟರ್ ಏರುತ್ತದೆ, ಅಂದರೆ ಶೇಕಡಾ 2. ಡಾನರ್‌ನ ಏರು ಅದಕ್ಕಿಂತ ಕಡಿದು, ಸುಮಾರು ಶೇಕಡಾ 2.4. ಫೆದರ್ ಕಣಿವೆಯಲ್ಲಿ ನದಿಯ ಜಾಡನ್ನೇ ಹಿಡಿದು ಹೋಗುವುದರಿಂದ ಅದು ಕೇವಲ ಶೇಕಡಾ 1. ಲೆಕ್ಕ ಹಾಕಿ ನೋಡಿ: 5,000 ಟನ್ನಿನ ರೈಲನ್ನು ಶೇಕಡಾ 1ರ ಏರಿನಲ್ಲಿ ಗುರುತ್ವಾಕರ್ಷಣೆ 50 ಟನ್ ಬಲದಿಂದ ಹಿಂದಕ್ಕೆ ಎಳೆಯುತ್ತದೆ, ಶೇಕಡಾ 2.4ರಲ್ಲಿ 120 ಟನ್ ಬಲದಿಂದ. ಅಷ್ಟೇ ಸರಕಿಗೆ ಎರಡು ಪಟ್ಟಿಗೂ ಮೀರಿದ ಎಳೆತ ಬೇಕು. ಇಳಿಯುವಾಗ ಅದೇ ಭಾರವನ್ನು ಬ್ರೇಕಿನಿಂದ ಹಿಡಿದಿಡಬೇಕು. ಹಾಗಾಗಿ ಭಾರದ ರೈಲಿಗೆ ಕಣಿವೆ, ಅವಸರದ ರೈಲಿಗೆ ಡಾನರ್ ಎಂಬುದು ಸಹಜವಾದ ಹಂಚಿಕೆ.

ಇನ್ನೊಂದು ಅಂಶ ಸುರಂಗದ ಎತ್ತರ. ಎತ್ತರದ ಕಂಟೇನರುಗಳನ್ನು ಒಂದರ ಮೇಲೊಂದು ಪೇರಿಸಿದರೆ ಹಳಿಯಿಂದ ಸುಮಾರು 20 ಅಡಿ ಆಗುತ್ತದೆ. ಡಾನರ್‌ನ ಹಳೆಯ ಸುರಂಗಗಳಲ್ಲಿ ಅವು ಹಿಡಿಸುತ್ತಿರಲಿಲ್ಲ. ಅಂಥ ರೈಲುಗಳು ಕಣಿವೆಯನ್ನು ಬಳಸಿಕೊಂಡು ಹೋಗುತ್ತಿದ್ದವು. 2009ರಲ್ಲಿ ಸುರಂಗಗಳನ್ನು ಎತ್ತರಿಸುವ ಕೆಲಸ ಮುಗಿದ ಮೇಲೆ ಅವಕ್ಕೆ ಡಾನರ್ ದಾರಿಯೂ ತೆರೆಯಿತು.

ಇಷ್ಟು ತಾಂತ್ರಿಕ ವಿಷಯ. ಅದಕ್ಕಿಂತ ದೊಡ್ಡ ಪ್ರಶ್ನೆ ಒಡೆತನದ್ದು. ಯೂನಿಯನ್ ಪೆಸಿಫಿಕ್ 1982ರಲ್ಲಿ ವೆಸ್ಟರ್ನ್ ಪೆಸಿಫಿಕನ್ನೂ 1996ರಲ್ಲಿ ಸದರ್ನ್ ಪೆಸಿಫಿಕನ್ನೂ ಕೊಂಡಿತು. ಎದುರಾಳಿಗಳಾಗಿದ್ದ ಎರಡು ದಾರಿಗಳು ಒಬ್ಬನ ಕೈಗೆ ಬಂದವು. ಸ್ಪರ್ಧೆ ಸಾಯಬಾರದೆಂದು ಇನ್ನೊಂದು ದೊಡ್ಡ ಕಂಪನಿಯಾದ ಬಿಎನ್‌ಎಸ್‌ಎಫ್‌ಗೆ ಈ ಹಳಿಗಳ ಮೇಲೆ ರೈಲು ಓಡಿಸುವ ಹಕ್ಕು ದೊರೆಯಿತು. ಆದರೆ ಒಬ್ಬನೇ ಮಾಲೀಕನಿಗೆ ಎರಡು ದಾರಿ ಇದ್ದರೆ ಒಂದು ದಂಡದ ಖರ್ಚಾಗಿ ಕಾಣುವುದು ಸಹಜ. ಕೊಲರಾಡೋದಲ್ಲಿ ಆದದ್ದು ಅದೇ. 10,000 ಅಡಿಗೂ ಎತ್ತರದ, ಶೇಕಡಾ 3ರ ಏರಿದ್ದ ಟೆನ್ನೆಸೀ ಪಾಸ್ ದಾರಿಯನ್ನು ವಿಲೀನದ ಮರುವರ್ಷವೇ, 1997ರಲ್ಲಿ, ನಿಲ್ಲಿಸಿದರು. ಅಲ್ಲಿನ ಸರಕು ಮೊಫಾಟ್ ಸುರಂಗದ ದಾರಿಗೂ ವಯೋಮಿಂಗ್ ಕಡೆಗೂ ತಿರುಗಿತು.

ಸಿಯೆರಾದಲ್ಲಿ ಎರಡೂ ಉಳಿದವು. ಅದರ ಬೆಲೆ ತಿಳಿಯುವುದು ಕಷ್ಟಕಾಲದಲ್ಲಿ. ಡಾನರ್‌ಗೆ ಶತ್ರು ಹಿಮ: 1952ರ ಜನವರಿಯಲ್ಲಿ 200ಕ್ಕೂ ಹೆಚ್ಚು ಜನರಿದ್ದ ಪ್ರಯಾಣಿಕರ ರೈಲೊಂದು ಅಲ್ಲಿ ಮೂರು ದಿನ ಹಿಮದಲ್ಲಿ ಹೂತು ನಿಂತಿತ್ತು. ಕಣಿವೆಗೆ ಶತ್ರುಗಳು ಬಂಡೆ ಕುಸಿತ, ಪ್ರವಾಹ, ಬೆಂಕಿ. 2021ರಲ್ಲಿ ಡಿಕ್ಸೀ ಕಾಳ್ಗಿಚ್ಚು ಕಣಿವೆಯ ದಾರಿಯನ್ನು ಮುಚ್ಚಿಸಿದಾಗ ರೈಲುಗಳು ಡಾನರ್ ಹತ್ತಿದವು. ಸುರಂಗಗಳು ಆಗಲೇ ಎತ್ತರವಾಗಿದ್ದರಿಂದ ಪೇರಿಸಿದ ಕಂಟೇನರುಗಳಿಗೂ ಅಡ್ಡಿಯಿರಲಿಲ್ಲ.

ಶಿರಾಡಿಯಲ್ಲಿ ಗುಡ್ಡ ಕುಸಿದಾಗ ಬೆಂಗಳೂರು–ಮಂಗಳೂರು ರೈಲುಗಳ ಪಾಡು ಬಲ್ಲ ನಮಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ. ಎರಡನೆಯ ದಾರಿಯ ಲಾಭ ವಾರ್ಷಿಕ ಲೆಕ್ಕಪತ್ರದಲ್ಲಿ ಕಾಣದೆ ಇರಬಹುದು. ಆದರೆ ಕಾಳ್ಗಿಚ್ಚು ವರ್ಷವರ್ಷ ಬೆಳೆಯುತ್ತಿರುವ ಈ ನಾಡಿನಲ್ಲಿ ಅಂಥ ದಾರಿಯನ್ನು ಮುಚ್ಚುವ ತೀರ್ಮಾನ ಕಂಪನಿಯೊಂದಕ್ಕೇ ಸೇರಿದ್ದಲ್ಲ, ಆ ಸರಕನ್ನು ನಂಬಿದ ನಮ್ಮೆಲ್ಲರಿಗೂ ಸೇರಿದ್ದು ಎಂದು ನಾನು ನಂಬುತ್ತೇನೆ.