ವರ್ತೂರಿನ ನೀರು, ಕಡಲೂರಿನ ಅಳಿವೆ

2015ರಲ್ಲಿ ವರ್ತೂರು ಕೆರೆಯ ನೊರೆ ರಸ್ತೆಗೆ ಹಾರಿದಾಗ ಎಲ್ಲರ ಗಮನವೂ ಕೋಡಿಯ ಮೇಲಿತ್ತು. ಆದರೆ ವೈಟ್‌ಫೀಲ್ಡ್‌ನ ಹಲವು ಕಾಲುವೆಗಳ ನೀರನ್ನು ಪಡೆಯುವ ಈ ಕೆರೆಯ ಹರಿವು ಅಲ್ಲಿಗೇ ನಿಲ್ಲದು. ಅದು ದಕ್ಷಿಣ ಪಿನಾಕಿನಿಯನ್ನು ಸೇರುತ್ತದೆ. ಆ ನದಿಯು ತಮಿಳುನಾಡಿನ ಕಡಲೂರಿನ ಬಳಿ ಬಂಗಾಳ ಕೊಲ್ಲಿಗೆ ಸೇರುತ್ತದೆ.

ನದಿಯ ಸಿಹಿನೀರು ಕಡಲಿನ ಉಪ್ಪುನೀರಿನೊಡನೆ ಬೆರೆಯುವ ತಾಣವೇ ಅಳಿವೆ. ಕೊಳೆತ ಎಲೆ ಹಾಗೂ ನದಿ ತರುವ ಪೋಷಕಾಂಶಗಳಿಂದ ಅಲ್ಲಿ ಸೂಕ್ಷ್ಮಜೀವಿಗಳು ಹೆಚ್ಚುತ್ತವೆ. ಅವೇ ಮರಿಮೀನುಗಳ ಆಹಾರಕ್ಕೆ ಮೂಲ. ಆಳವಿಲ್ಲದ, ಕದಡಿದ ನೀರು ದೊಡ್ಡ ಮೀನುಗಳಿಂದ ಅವುಗಳಿಗೆ ಮರೆಯಾಗುತ್ತದೆ. ಕೆಸರಿನ ಏಡಿಯ ಹೆಣ್ಣು ಮೊಟ್ಟೆಯೊಡೆಸಲು ಕಡಲಿಗೆ ತೆರಳಿದರೂ ಮರಿಗಳು ಬೆಳೆಯುವುದಕ್ಕೆ ಅಳಿವೆಗೇ ಮರಳುತ್ತವೆ.

ಹೀಗಾಗಿ ಕೆಸರು ಕೆಟ್ಟರೆ ಮೀನುಗಾರರ ಆದಾಯವೂ ಕೆಡುತ್ತದೆ. ಕೆಲವರಪಳ್ಳಿ, ಕೃಷ್ಣಗಿರಿ, ಸಾತನೂರು ಅಣೆಕಟ್ಟುಗಳು ಮಾರ್ಗಮಧ್ಯದಲ್ಲಿ ಹೂಳನ್ನು ತಡೆಯುತ್ತವೆ; ಆದರೆ ಲೋಹವನ್ನು ಇಲ್ಲವಾಗಿಸಲಾರವು. ಲೋಹಲೇಪನ ಘಟಕಗಳಿಂದ ಹೊರಬೀಳುವ ಕ್ರೋಮಿಯಂ, ನಿಕಲ್‌ಗಳು ಕೊಳೆತು ನಾಶವಾಗುವುದಿಲ್ಲ. ಕೆಸರಿಗಂಟಿ ಉಳಿಯುತ್ತವೆ, ನೆರೆ ಬಂದಾಗ ಮುಂದಕ್ಕೆ ಸಾಗುತ್ತವೆ.

ತೊಟ್ಟಿಯಿಂದ ಚರಂಡಿಗೆ ಹೋಗುವ ಲೋಹವು ಉದ್ಯಮಿಯು ಹಣ ತೆತ್ತು ಕೊಂಡ ಸರಕೇ ಆಗಿದೆ. ತೊಳೆದ ನೀರನ್ನು ಪ್ರತ್ಯೇಕಿಸಿ, ಸಂಸ್ಕರಿಸಿ ಮರುಬಳಸುವುದು 1974ರ ಜಲ ಕಾಯ್ದೆಯ ಪಾಲನೆಯಷ್ಟೇ ಅಲ್ಲ, ಲೆಕ್ಕಪುಸ್ತಕಕ್ಕೂ ಹಿತವಾದ ಕ್ರಮ.